ಹಿಂದೆ ಕೂತವರ ಚರಿತ್ರೆ

ಹೋದ ಡಿಸೆಂಬರಿನಲ್ಲಿ ನಾನೂ ನನ್ನ ಹೆಂಡತಿಯೂ ಬೈಕಿನಲ್ಲಿ ಸಕಲೇಶಪುರಕ್ಕೆ ಹೊರಟಿದ್ದೆವು. ಮೂರು ದಿನ ರಜೆ, ಹೊಸ ಬೈಕು, ಇಬ್ಬರಿಗೂ ಹೊಸ ಜಾಕೆಟ್ಟು, ಬೆಳಗಿನ ಚಳಿ... ಎಲ್ಲ ಸರಿಯಾಗಿಯೇ ಇತ್ತು. ಕುಣಿಗಲ್ ದಾಟುವವರೆಗೂ ಹಿಂದಿನಿಂದ ಹಾಡು ಕೇಳಿಸುತ್ತಿತ್ತು. ಯಡಿಯೂರಿನ ಹೊತ್ತಿಗೆ ಹಾಡು ನಿಂತಿತು. ಬೆಳ್ಳೂರು ಕ್ರಾಸಿನಲ್ಲಿ ಕಾಫಿಗೆಂದು ನಿಲ್ಲಿಸಿದರೆ, ಅವಳು ಇಳಿದು ಸೊಂಟ ಹಿಡಿದುಕೊಂಡು ಎರಡು ನಿಮಿಷ ಸುಮ್ಮನೆ ನಿಂತಳು. ಆಮೇಲೆ ಹೇಳಿದಳು.

"ನೀನು ಬೈಕಲ್ಲೇ ಬಾ. ನಾನು ಬಸ್ಸಲ್ಲಿ ಬರ್ತೀನಿ. ಸಕಲೇಶಪುರದ ಬಸ್ ಸ್ಟ್ಯಾಂಡಲ್ಲಿ ಸಿಗೋಣ."

"ಯಾಕೇ, ಸೀಟು ಚೆನ್ನಾಗೇ ಇದೆಯಲ್ಲ?"

"ನಿನ್ನ ಸೀಟು ಚೆನ್ನಾಗಿದೆ."

ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ಹದಿನೈದು ನಿಮಿಷದಲ್ಲಿ ಅವಳು ನಿಜವಾಗಿಯೂ ಬಸ್ಸು ಹತ್ತಿದಳು. ನಾನು ಹಾಸನದವರೆಗೂ ಆ ಬಸ್ಸಿನ ಹಿಂದೆಯೇ ಹೋದೆ. ಅವಳು ಕಿಟಕಿಗೆ ತಲೆಯಾನಿಸಿ ಹಾಯಾಗಿ ನಿದ್ದೆ ಹೊಡೆಯುತ್ತಿದ್ದಳು :-)

ರಾತ್ರಿ ಅಮ್ಮನಿಗೆ ಫೋನ್ ಮಾಡಿ ಇದನ್ನೇ ಜೋಕಿನ ಹಾಗೆ ಹೇಳಿದೆ. ಅಮ್ಮ ನಗಲಿಲ್ಲ. "ಅವಳು ಹೇಳಿದ್ಲು, ಒಳ್ಳೇದಾಯ್ತು. ನಾನು ನಿಮ್ಮಪ್ಪನ ಸ್ಕೂಟರಲ್ಲಿ ಹದಿನಾಲ್ಕು ವರ್ಷ ಒಂದೇ ಕಡೆ ಕಾಲು ಹಾಕ್ಕೊಂಡು, ನಿನ್ನನ್ನ ತೊಡೆ ಮೇಲಿಟ್ಕೊಂಡು ಕೂತೆ. ಸೊಂಟ ನೋಯತ್ತೆ ಅಂತ ಒಂದು ದಿನಾನೂ ಹೇಳ್ಲಿಲ್ಲ. ಅವರೂ ಕೇಳ್ಲಿಲ್ಲ" ಅಂದರು.

ಅವತ್ತಿನಿಂದ ಈ ಹಿಂದಿನ ಸೀಟು ತಲೆಯಲ್ಲಿ ಕೂತುಬಿಟ್ಟಿದೆ. ನೂರಮೂವತ್ತು ವರ್ಷಕ್ಕೂ ಮಿಕ್ಕಿ ಜಗತ್ತು ಮೋಟಾರ್ ಸೈಕಲ್ ತಯಾರಿಸುತ್ತಿದೆ. ಇಷ್ಟು ವರ್ಷದಲ್ಲಿ ಹಿಂದೆ ಕೂತವರ ಬಗ್ಗೆ ಯಾರು, ಯಾವಾಗ, ಎಷ್ಟು ಯೋಚನೆ ಮಾಡಿದರು? ಒಂದಷ್ಟು ಓದಿದೆ. ಓದಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಹೆಸರಿನ ಕಥೆ. ನಾವು ಪಿಲಿಯನ್ ಅನ್ನುತ್ತೇವಲ್ಲ, ಆ ಪದ ಮೋಟಾರಿಗಿಂತ ಎಷ್ಟೋ ಹಳೆಯದು. ಕುದುರೆಯ ಕಾಲದ್ದು. ಸವಾರನ ಜೀನಿನ ಹಿಂದೆ ಹೆಂಗಸು ಕೂರಲು ಹಾಸುತ್ತಿದ್ದ ಮೆತ್ತೆಗೆ ಆ ಹೆಸರು. ಗೇಲಿಕ್ ಭಾಷೆಯಲ್ಲಿ ಸಣ್ಣ ದಿಂಬು ಅಂತ ಅರ್ಥ, ಅದರ ಮೂಲ ಚರ್ಮ ಎಂಬ ಅರ್ಥದ ಲ್ಯಾಟಿನ್ ಪದ. ಅಂದರೆ ಹೆಸರಿನಲ್ಲೇ ದಿಂಬಿದೆ! ಮೋಟಾರ್ ಸೈಕಲ್ ಬಂದಾಗ ಹೆಸರು ಉಳಿಯಿತು, ದಿಂಬು ಹೋಯಿತು.

೧೮೮೫ರಲ್ಲಿ ಜರ್ಮನಿಯ ಗಾಟ್‌ಲೀಬ್ ಡೈಮ್ಲರ್ ಮಾಡಿದ ಮರದ ಚೌಕಟ್ಟಿನ ಗಾಡಿಯನ್ನು ಮೊದಲ ಪೆಟ್ರೋಲ್ ಮೋಟಾರ್ ಸೈಕಲ್ ಅನ್ನುತ್ತಾರೆ. ಅದರಲ್ಲಿ ಇಬ್ಬರು ಕೂರುವ ಮಾತೇ ಇರಲಿಲ್ಲ. ಎಂಜಿನ್ನಿನ ನೆತ್ತಿಯ ಮೇಲೇ ಸೀಟು. ಡೈಮ್ಲರ್ ಮಗ ಪಾಲ್ ಅದನ್ನು ಓಡಿಸುವಾಗ ಸೀಟಿಗೇ ಬೆಂಕಿ ಹತ್ತಿಕೊಂಡಿತು ಎಂಬ ಕಥೆಯೂ ಇದೆ. ಓಡಿಸುವವನಿಗೇ ಆ ಗತಿ, ಇನ್ನು ಹಿಂದೆ ಕೂರುವವರ ಪಾಡು ಕೇಳುವವರು ಯಾರು?

೧೯೦೦ರ ಆಸುಪಾಸಿನಲ್ಲಿ ಇಬ್ಬರು ಹೋಗಬೇಕು ಎಂಬ ಆಸೆ ಬಂತು. ಆಗ ಮೂರು ದಾರಿ ಹುಡುಕಿದರು. ಒಂದು, ಹಿಂದೆ ಬೆತ್ತದ ಕುರ್ಚಿಯ ಟ್ರೇಲರ್ ಕಟ್ಟುವುದು. ಅದರಲ್ಲಿ ಕೂತವರಿಗೆ ಮುಂದಿನ ಗಾಡಿಯ ಧೂಳೇ ಊಟ. ಎರಡು, ಮುಂದೆ ಎರಡು ಚಕ್ರ ಹಾಕಿ ಅವುಗಳ ನಡುವೆ ಕುರ್ಚಿ ಇಡುವುದು. ಇದಕ್ಕೆ ಫೋರ್‌ಕಾರ್ ಎಂದು ಹೆಸರು. ನೋಟ ಚೆನ್ನಾಗಿರುತ್ತಿತ್ತು, ಆದರೆ ಏನಾದರೂ ಡಿಕ್ಕಿಯಾದರೆ ಮೊದಲು ಸಿಗುವವರು ಆ ಕುರ್ಚಿಯಲ್ಲಿದ್ದವರು. ಮೂರನೆಯದು ಪಕ್ಕಕ್ಕೆ ತೊಟ್ಟಿಲಿನಂತೆ ಜೋಡಿಸುವ ಸೈಡ್‌ಕಾರ್. ೧೯೦೩ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಬಂತು, ಬಂದದ್ದು ಐವತ್ತು ವರ್ಷ ಉಳಿಯಿತು.

ಸೈಡ್‌ಕಾರನ್ನು ನಾವು 'ಶೋಲೆ' ಸಿನಿಮಾದ ತಮಾಷೆಯ ವಸ್ತು ಅಂದುಕೊಂಡಿದ್ದೇವೆ. ನಿಜಕ್ಕೂ ಅದು ಜತೆಗೆ ಬರುವವರನ್ನು ಗಮನದಲ್ಲಿಟ್ಟುಕೊಂಡು ಮಾಡಿದ ಒಳ್ಳೆಯ ವ್ಯವಸ್ಥೆ. ಬೆನ್ನಿಗೆ ಒರಗು, ಕಾಲು ಚಾಚಲು ಜಾಗ, ಮಳೆಗೆ ಮುಚ್ಚಿಗೆ. ೧೯೩೪ರ ಡಿಸೆಂಬರಿನಲ್ಲಿ ತೆರೇಸಾ ವಾಲಕ್ ಮತ್ತು ಫ್ಲಾರೆನ್ಸ್ ಬ್ಲೆಂಕಿರನ್ ಎಂಬ ಇಬ್ಬರು ಹೆಂಗಸರು ೬೦೦ ಸಿಸಿಯ ಪ್ಯಾಂಥರ್ ಬೈಕಿನಲ್ಲಿ ಲಂಡನ್ನಿನಿಂದ ಹೊರಟು, ಸಹಾರಾ ಮರುಭೂಮಿ ದಾಟಿ, ೧೯೩೫ರ ಜುಲೈಯಲ್ಲಿ ಕೇಪ್‌ಟೌನ್ ಮುಟ್ಟಿದರು. ಅವರ ಬೈಕಿಗೆ ಸೈಡ್‌ಕಾರೂ ಇತ್ತು, ಹಿಂದೊಂದು ಟ್ರೇಲರೂ ಇತ್ತು. ಏಳು ತಿಂಗಳ ದಾರಿ! ನಾನು ನನ್ನ ಹೆಂಡತಿಯನ್ನು ಬೆಳ್ಳೂರು ಕ್ರಾಸ್ ದಾಟಿಸಲಿಲ್ಲ.

ಆದರೆ ಸೈಡ್‌ಕಾರಿಗೆ ದುಡ್ಡು ಬೇಕು, ಜಾಗ ಬೇಕು. ಎರಡೂ ಇಲ್ಲದ ಹುಡುಗರು ಸುಲಭದ ಉಪಾಯ ಮಾಡಿದರು. ಹಿಂದಿನ ಚಕ್ರದ ಮೇಲಿನ ಲಗೇಜ್ ಕ್ಯಾರಿಯರ್ ಮೇಲೆ ಒಂದು ಸಣ್ಣ ಮೆತ್ತೆ ಕಟ್ಟಿ ಹುಡುಗಿಯನ್ನು ಕೂರಿಸಿಕೊಂಡು ಹೊರಟರು. ಬ್ರಿಟನ್ನಿನಲ್ಲಿ ಆಗ ಹೊಸಕಾಲದ ಹುಡುಗಿಯರನ್ನು ಫ್ಲಾಪರ್ ಅನ್ನುತ್ತಿದ್ದರು, ಈ ಕ್ಯಾರಿಯರಿಗೂ 'ಫ್ಲಾಪರ್ ಬ್ರಾಕೆಟ್' ಎಂದು ಹೆಸರು ಬಿತ್ತು. ನಾವು ಇವತ್ತು ಕೂರಿಸುವ ಜಾಗ ಮೂಲತಃ ಗಂಟುಮೂಟೆ ಕಟ್ಟುವ ಜಾಗ. ಹಿಂದೆ ಕೂರುವವರು ಲಗೇಜಿನ ಜಾಗಕ್ಕೆ ಬಂದವರು. ಸೀಟಿನ ಮುಂದಿನ ಕಥೆಯೆಲ್ಲ ಈ ಒಂದು ಮಾತಿನಿಂದ ಅರ್ಥವಾಗುತ್ತದೆ ಅನ್ನಿಸುತ್ತದೆ.

ಆ ಜಾಗ ಯಾಕೆ ಕಷ್ಟದ್ದು ಅಂತ ಸ್ವಲ್ಪ ನೋಡೋಣ (ಎಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗವಾಗಲಿ). ಬಸ್ಸಿನಲ್ಲಿ ಕೊನೆಯ ಸೀಟು ಯಾರಿಗೂ ಬೇಡ, ಅಲ್ಲವೇ? ಮಧ್ಯದಲ್ಲಿ ಕೂತವನಿಗೆ ಹಳ್ಳ ಬಿದ್ದದ್ದು ಅಷ್ಟಾಗಿ ಗೊತ್ತಾಗುವುದಿಲ್ಲ, ಕೊನೆಯ ಸೀಟಿನವನು ತಲೆ ಸೂರಿಗೆ ತಾಗುವಷ್ಟು ಹಾರುತ್ತಾನೆ. ಬೈಕಿನಲ್ಲೂ ಹಾಗೆಯೇ. ಸವಾರ ಕೂರುವುದು ಎರಡು ಚಕ್ರಗಳ ನಡುವೆ. ಹಿಂದಿನ ಚಕ್ರ ಎಗರಿದರೆ ಅದರಲ್ಲಿ ಒಂದು ಪಾಲು ಮಾತ್ರ ಅವನಿಗೆ ತಲುಪುತ್ತದೆ. ಹಿಂದೆ ಕೂತವರು ಹೆಚ್ಚುಕಡಿಮೆ ಆ ಚಕ್ರದ ಮೇಲೇ ಇರುತ್ತಾರೆ, ಪೂರ್ತಿ ಏಟು ಅವರಿಗೆ. ಜತೆಗೆ ಸವಾರನಿಗೆ ಹ್ಯಾಂಡಲ್ ಇದೆ, ಹಳ್ಳ ಕಾಣುತ್ತದೆ, ಬ್ರೇಕ್ ಯಾವಾಗ ಹಾಕುತ್ತೇನೆ ಎಂದು ಗೊತ್ತಿರುತ್ತದೆ. ಹಿಂದಿನವರಿಗೆ ಮೂರೂ ಇಲ್ಲ. ಮುಂದೆ ಕಾಣುವುದು ಒಂದು ಹೆಲ್ಮೆಟ್ಟು.

ಫ್ಲಾಪರ್ ಬ್ರಾಕೆಟ್ ಕಾಲದ ಬೈಕುಗಳಲ್ಲಿ ಹಿಂದಿನ ಚಕ್ರಕ್ಕೆ ಸಾಮಾನ್ಯವಾಗಿ ಸಸ್ಪೆನ್ಷನ್ನೇ ಇರುತ್ತಿರಲಿಲ್ಲ. ಸವಾರನ ಸೀಟಿನ ಕೆಳಗೆ ಸೈಕಲ್ಲಿನ ಹಾಗೆ ದಪ್ಪ ಸ್ಪ್ರಿಂಗು, ಹಿಂದಿನವರಿಗೆ ಬರೀ ಮೆತ್ತೆ. ಅದರ ಮೇಲೆ ಸ್ಕರ್ಟ್ ತೊಟ್ಟ ಹುಡುಗಿಯರು ಎರಡೂ ಕಾಲು ಒಂದೇ ಕಡೆ ಹಾಕಿ ಕೂರುತ್ತಿದ್ದರು. ಅಪಘಾತಗಳಾದವು, ಪತ್ರಿಕೆಗಳಲ್ಲಿ ಚರ್ಚೆಯಾಯಿತು. ಕೊನೆಗೆ ೧೯೩೦ರ ರಸ್ತೆ ಸಂಚಾರ ಕಾಯ್ದೆ ಬ್ರಿಟನ್ನಿನಲ್ಲಿ ಇದನ್ನು ತೀರ್ಮಾನ ಮಾಡಿತು: ಹಿಂದೆ ಒಬ್ಬರು ಮಾತ್ರ, ಗಾಡಿಗೆ ಭದ್ರವಾಗಿ ಜೋಡಿಸಿದ ಸರಿಯಾದ ಸೀಟಿನ ಮೇಲೆ, ಎರಡೂ ಕಡೆ ಕಾಲು ಹಾಕಿಯೇ ಕೂರಬೇಕು. ಅಂತೂ ಹಿಂದೆ ಇರುವುದು ಲಗೇಜಲ್ಲ, ಮನುಷ್ಯ ಎಂದು ಕಾನೂನು ಒಪ್ಪಿತು.

ನಮ್ಮ ದೇಶದ ಕಾಯ್ದೆ ನೋಡಿದರೆ ಮಜಾ ಇದೆ. ೧೯೮೮ರ ಮೋಟಾರು ವಾಹನ ಕಾಯ್ದೆಯ ೧೨೮ನೇ ಸೆಕ್ಷನ್ನಿನ ಭಾಷೆ ಬ್ರಿಟಿಷರದ್ದನ್ನೇ ಹೋಲುತ್ತದೆ. ಒಬ್ಬರೇ ಇರಬೇಕು, ಭದ್ರವಾದ ಸರಿಯಾದ ಸೀಟು ಇರಬೇಕು. ಆದರೆ ಎರಡೂ ಕಡೆ ಕಾಲು ಹಾಕಬೇಕು ಎಂಬ ಮಾತು ಅದರಲ್ಲಿಲ್ಲ. ಸೀರೆ ಉಟ್ಟ ದೇಶದಲ್ಲಿ ಆ ಮಾತು ಬರೆದರೆ ನಡೆಯುವುದು ಹೇಗೆ! ಅದರ ಬದಲು ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ೧೨೩ನೇ ನಿಯಮ ಬಂತು. ಹಿಂದೆ ಕೂರುವವರಿಗೆ ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಫುಟ್‌ರೆಸ್ಟ್, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧದಷ್ಟನ್ನಾದರೂ ಮುಚ್ಚುವ ತಡೆ. ನಮ್ಮ ಬೈಕುಗಳ ಎಡಗಡೆ ಇರುವ ಸೀರೆ ಗಾರ್ಡಿನ ಹಿಂದೆ ಈ ನಿಯಮ ಇದೆ. ಒಳ್ಳೆಯ ನಿಯಮವೇ, ಎಷ್ಟೋ ಜೀವ ಉಳಿಸಿರುತ್ತದೆ. ಆದರೆ ಗಮನಿಸಿ, ಸೀರೆ ಚಕ್ರಕ್ಕೆ ಸಿಗಬಾರದು ಎಂದು ಯೋಚನೆ ಮಾಡಿದೆವು. ಸೀರೆ ಉಟ್ಟವರ ಬೆನ್ನು ಒಂದು ಗಂಟೆ ತಿರುಚಿಕೊಂಡೇ ಇರುತ್ತದಲ್ಲ, ಅದನ್ನು ಯೋಚನೆ ಮಾಡಲಿಲ್ಲ. ಅಮ್ಮನ ಹದಿನಾಲ್ಕು ವರ್ಷ ನೆನಪಾಗುವುದು ಇಲ್ಲೇ.

ಇನ್ನು ಸೀಟಿನ ಒಳಗೆ ಏನಿದೆ ನೋಡೋಣ. ಮೊದಲು ಚರ್ಮ, ಕುದುರೆ ಕೂದಲು, ಉಕ್ಕಿನ ಸ್ಪ್ರಿಂಗು. ೧೯೨೯ರಲ್ಲಿ ಇಂಗ್ಲೆಂಡಿನ ಡನ್‌ಲಪ್ ಕಂಪನಿಯವರು ರಬ್ಬರ್ ಹಾಲನ್ನು ನೊರೆ ಬರುವಂತೆ ಕಡೆದು, ಆ ನೊರೆಯನ್ನೇ ಗಟ್ಟಿ ಮಾಡುವ ವಿಧಾನ ಕಂಡುಹಿಡಿದರು. ಇಡ್ಲಿಯನ್ನು ಮುರಿದು ನೋಡಿದರೆ ಒಳಗೆ ಸಣ್ಣ ಸಣ್ಣ ತೂತು ಕಾಣುತ್ತದಲ್ಲ, ಹಾಗೆ. ಹುದುಗಿದ ಹಿಟ್ಟಿನ ಇಡ್ಲಿ ಒತ್ತಿದರೆ ಮತ್ತೆ ಮೇಲೇಳುತ್ತದೆ, ಈ ಫೋಮೂ ಅಷ್ಟೇ. ಡನ್‌ಲಪಿಲೋ ಎಂದು ಅದಕ್ಕೆ ಹೆಸರು. ೧೯೪೬ರ ವಿನ್ಸೆಂಟ್ ರ‍್ಯಾಪಿಡ್ ಬೈಕಿಗೆ ಇದೇ ಫೋಮಿನ ಉದ್ದನೆಯ ಒಂದೇ ಸೀಟು ಹಾಕಿದರು. ಸವಾರನೂ ಜತೆಗಾರರೂ ಒಂದೇ ಸೀಟಿನ ಮೇಲೆ, ಒಂದೇ ಮೆತ್ತೆಯ ಮೇಲೆ ಬಂದರು. ಅದೇ ಬೈಕಿನಲ್ಲಿ ಹಿಂದಿನ ಚಕ್ರಕ್ಕೂ ಸಸ್ಪೆನ್ಷನ್ ಇತ್ತು. ೧೯೪೯ರಲ್ಲಿ ರಾಯಲ್ ಎನ್‌ಫೀಲ್ಡ್ ಬುಲೆಟ್, ೧೯೫೦ರಲ್ಲಿ ನಾರ್ಟನ್ ರೇಸ್ ಬೈಕು ಸ್ವಿಂಗ್ ಆರ್ಮ್ ಜತೆ ಬಂದವು. ನಾರ್ಟನ್ನಿನ ಆ ಫ್ರೇಮಿನ ಮೇಲೆ ಕೂತ ರೇಸುಗಾರ ಹೆರಾಲ್ಡ್ ಡ್ಯಾನಿಯಲ್ ಇದು ಹಕ್ಕಿಗರಿಯ ಹಾಸಿಗೆಯ ಹಾಗಿದೆ ಅಂದದ್ದಕ್ಕೆ ಅದಕ್ಕೆ 'ಫೆದರ್‌ಬೆಡ್' ಎಂಬ ಹೆಸರೇ ಬಂತು. ಹಾಗೆ ಹೇಳಿದ್ದೂ ಮುಂದೆ ಕೂತವನೇ, ಬಿಡಿ :-)

೧೯೫೫ರಲ್ಲಿ ಮದ್ರಾಸಿನಲ್ಲಿ ಬುಲೆಟ್ ಶುರುವಾಯಿತು, ೧೯೬೧ರಲ್ಲಿ ನಮ್ಮ ಮೈಸೂರಿನಲ್ಲಿ ಐಡಿಯಲ್ ಜಾವಾ. ಹಳೆಯ ಬುಲೆಟ್‌ಗಳಲ್ಲಿ ಮುಂದೆ ಸ್ಪ್ರಿಂಗಿನ ಸೀಟು, ಹಿಂದೆ ಚೌಕದ ದಪ್ಪ ಮೆತ್ತೆ ಇರುವಂಥವನ್ನು ನೀವೂ ನೋಡಿರುತ್ತೀರಿ. ಮೈಸೂರಿನ ಜಾವಾಗಳಿಗೆ ಉದ್ದನೆಯ ಸಪಾಟು ಸೀಟು. ಜಾವಾ ಇಟ್ಟುಕೊಂಡಿದ್ದ ಹಿರಿಯರನ್ನು ಕೇಳಿ ನೋಡಿ, ಮುಂದೆ ಒಂದು ಮಗು, ಹಿಂದೆ ಹೆಂಡತಿ, ನಡುವೆ ಇನ್ನೊಂದು ಮಗು ಎಂದು ಲೆಕ್ಕ ಒಪ್ಪಿಸುತ್ತಾರೆ. ಕಾಯ್ದೆಯ ಪ್ರಕಾರ ತಪ್ಪೇ. ಆದರೆ ಆ ಸಪಾಟು ಸೀಟಿನಲ್ಲಿ ಹಿಂದೆ ಕೂತವರು ಮುಂದಿನವರ ಮಟ್ಟದಲ್ಲೇ ಇರುತ್ತಿದ್ದರು, ಮಾತಾಡಿದರೆ ಕೇಳಿಸುತ್ತಿತ್ತು.

೧೯೩೭ರಲ್ಲಿ ಜರ್ಮನಿಯ ಆಟೊ ಬೇಯರ್ ಪಾಲಿಯುರಿಥೇನ್ ಕಂಡುಹಿಡಿದ. ೧೯೫೦ರ ದಶಕದಲ್ಲಿ ಅದರಿಂದ ಮೆತ್ತನೆಯ ಫೋಮು ಬಂತು. ಅಗ್ಗ, ಹಗುರ, ಅಚ್ಚಿಗೆ ಹೊಯ್ದರೆ ಬೇಕಾದ ಆಕಾರ. ಒಳ್ಳೆಯದಾಗಬೇಕಿತ್ತು. ಆದರೆ ಯಾವ ಆಕಾರ ಬೇಕಾದರೂ ಮಾಡಬಹುದು ಎಂದಾದಾಗ, ಕೂರುವವರಿಗಿಂತ ನೋಡುವವರಿಗೆ ಚೆನ್ನಾಗಿರುವ ಆಕಾರ ಗೆದ್ದಿತು. ರೇಸ್ ಬೈಕಿನ ಫ್ಯಾಷನ್ ಬಂದ ಮೇಲಂತೂ ಹಿಂದಿನ ಸೀಟು ಸಣ್ಣದಾಗುತ್ತ, ಮೇಲಕ್ಕೇರುತ್ತ ಹೋಯಿತು. ೧೯೯೪ರಲ್ಲಿ ಬಂದ ಡುಕಾಟಿ ೯೧೬ಕ್ಕೆ ಮೊದಲು ಒಬ್ಬರಿಗಷ್ಟೇ ಸೀಟು. ನಮ್ಮಲ್ಲಿ ೨೦೦೮ರ ಮೊದಲ ಯಮಹಾ ಆರ್‌೧೫ಕ್ಕೆ ಉದ್ದನೆಯ ಒಂದೇ ಸೀಟಿತ್ತು. ೨೦೧೧ರ ಎರಡನೇ ಆವೃತ್ತಿಯಲ್ಲಿ ಸೀಟು ಎರಡು ಹೋಳಾಗಿ, ಹಿಂದಿನದು ಅಟ್ಟಕ್ಕೇರಿತು. ಆಮೇಲೆ ಎಷ್ಟೋ ಬೈಕುಗಳು ಅದೇ ದಾರಿ ಹಿಡಿದವು.

ಇದಕ್ಕೆ ತದ್ವಿರುದ್ಧವಾದ ಕಥೆಯೂ ಒಂದಿದೆ, ಅದು ಹೋಂಡಾ ಗೋಲ್ಡ್‌ವಿಂಗಿನದು. ೧೯೭೪ರ ಕೊನೆಗೆ ಜನರ ಮುಂದೆ ಬಂದಾಗ ಅದು ಗಾಳಿಮರೆಯೂ ಇಲ್ಲದ, ಸಾಮಾನ್ಯ ಉದ್ದ ಸೀಟಿನ ೧೦೦೦ ಸಿಸಿ ಬೈಕು. ಅಮೆರಿಕದ ಜನ ಅದನ್ನು ಕೊಂಡು ಗಂಡಹೆಂಡತಿ ಸಾವಿರಾರು ಮೈಲಿ ಸುತ್ತತೊಡಗಿದರು. ಸುತ್ತುವವರೇ ಅದಕ್ಕೆ ಗಾಳಿಮರೆ, ಪೆಟ್ಟಿಗೆ, ಬೆನ್ನೊರಗು ಜೋಡಿಸಿಕೊಂಡರು. ಕಂಪನಿ ಅದನ್ನು ಗಮನಿಸಿ ೧೯೮೦ರ ಇಂಟರ್‌ಸ್ಟೇಟ್ ಮಾದರಿಯಲ್ಲಿ ಗಾಳಿಮರೆಯನ್ನೂ ಪೆಟ್ಟಿಗೆಗಳನ್ನೂ ತಾನೇ ಹಾಕಿಕೊಟ್ಟಿತು. ಮುಂದೆ ಹಿಂದಿನ ಸೀಟು ಸೋಫಾ ಆಯಿತು. ೨೦೧೮ರಲ್ಲಿ ಬೈಕನ್ನು ಸಣ್ಣದು ಮಾಡಿದರು, ಹಿಂದಿನ ಪೆಟ್ಟಿಗೆಯೂ ಬೆನ್ನೊರಗೂ ಅದರ ಜತೆ ಬದಲಾದವು. ಮತ್ತೆ ೨೦೨೧ರಲ್ಲಿ ಪೆಟ್ಟಿಗೆ ದೊಡ್ಡದು ಮಾಡಿ, ಬೆನ್ನೊರಗಿನ ವಾಲನ್ನು ೧೭ ಡಿಗ್ರಿಯಿಂದ ೨೪.೫ ಡಿಗ್ರಿಗೆ ತಂದರು. ಬರೀ ಏಳೂವರೆ ಡಿಗ್ರಿ! ಅಷ್ಟು ಸಣ್ಣ ಸಂಖ್ಯೆಗಾಗಿ ಒಂದು ಕಂಪನಿ ತಲೆ ಕೆಡಿಸಿಕೊಂಡಿದೆ ಅಂದರೆ, ಹಿಂದೆ ಕೂತವರ ಮಾತು ಅಲ್ಲಿ ಲೆಕ್ಕಕ್ಕಿದೆ ಎಂದರ್ಥ. ಅವರು ಬೇಡ ಅಂದರೆ ಬೈಕೇ ಮಾರಾಟವಾಗುವುದಿಲ್ಲವಲ್ಲ.

ಮೆತ್ತಗಿದ್ದರೆ ಸಾಕು ಎಂದು ನಾನೂ ಅಂದುಕೊಂಡಿದ್ದೆ. ಅಲ್ಲವಂತೆ. ಕೂತಾಗ ನಮ್ಮ ಭಾರದ ಬಹುಪಾಲು ಬೀಳುವುದು ಪೃಷ್ಠದ ಎರಡು ಮೂಳೆಗಳ ಮೇಲೆ. ೧೯೩೦ರಲ್ಲಿ ಯೂಜಿನ್ ಲ್ಯಾಂಡಿಸ್ ಎಂಬ ಶರೀರಶಾಸ್ತ್ರಜ್ಞ ಮನುಷ್ಯನ ಅತಿ ಸಣ್ಣ ರಕ್ತನಾಳಗಳ ಒಳಗಿನ ಒತ್ತಡ ಅಳೆದ. ಸುಮಾರು ೩೨ ಮಿಲಿಮೀಟರ್ ಪಾದರಸ ಎಂಬ ಅವನ ಅಂಕಿಯನ್ನೇ ಗಾಲಿಕುರ್ಚಿಯ ದಿಂಬು ಮಾಡುವವರು ಬಹುಕಾಲ ಅಳತೆಗೋಲಾಗಿ ಇಟ್ಟುಕೊಂಡರು. ಹೊರಗಿನ ಒತ್ತಡ ಅದಕ್ಕಿಂತ ಜಾಸ್ತಿಯಾಗಿ ತುಂಬ ಹೊತ್ತು ಉಳಿದರೆ ಅಲ್ಲಿ ರಕ್ತ ಓಡುವುದಿಲ್ಲ, ಮೊದಲು ಜೋಮು, ಆಮೇಲೆ ನೋವು. ತೀರಾ ಮೆತ್ತಗಿನ ಫೋಮು ಐದು ನಿಮಿಷ ಸುಖವಾಗಿದ್ದು, ಆಮೇಲೆ ಕುಸಿದು, ಮೂಳೆ ಕೆಳಗಿನ ತಗಡಿಗೇ ತಾಗುತ್ತದೆ. ಶೋರೂಮಿನಲ್ಲಿ ಒತ್ತಿ ನೋಡಿದಾಗ ಮೋಸ ಹೋಗುವುದು ಹೀಗೆ. ಗಾಲಿಕುರ್ಚಿಯವರಿಗೆ ಹುಣ್ಣಾಗದಿರಲೆಂದು ಮಾಡಿದ, ಒಂದಕ್ಕೊಂದು ಸೇರಿಕೊಂಡ ಗಾಳಿಗುಳ್ಳೆಗಳ ದಿಂಬು ಆಮೇಲೆ ಬೈಕ್ ಸೀಟಿನ ಮೇಲೂ ಬಂತು. ಕೆಲವು ದೂರದ ಸವಾರರು ಕುರಿಯ ತುಪ್ಪಳದ ಚರ್ಮ ಹಾಸಿಕೊಳ್ಳುತ್ತಾರೆ. ಲ್ಯಾಟಿನ್ ಪದ ಹೇಳಿದ ಜಾಗಕ್ಕೇ ಮತ್ತೆ ಬಂದು ನಿಂತಿದ್ದೇವೆ, ನೋಡಿ.

ನಮ್ಮ ರಾಜ್ಯದ ಎರಡು ಘಟನೆ ಹೇಳಲೇಬೇಕು. ೨೦೧೬ರ ಜನವರಿಯಲ್ಲಿ ಕರ್ನಾಟಕದಲ್ಲಿ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯವಾಯಿತು. ಬೈದುಕೊಂಡವರೇ ಹೆಚ್ಚು, ಆದರೂ ಹಿಂದಿನ ತಲೆಯೂ ತಲೆಯೇ ಎಂದಾಯಿತು. ೨೦೧೭ರ ಅಕ್ಟೋಬರಿನಲ್ಲಿ ೧೦೦ ಸಿಸಿಗಿಂತ ಸಣ್ಣ ಹೊಸ ಗಾಡಿಗಳಿಗೆ ಹಿಂದಿನ ಸೀಟೇ ಇರಬಾರದು ಎಂಬ ಸುತ್ತೋಲೆ ಬಂತು. ರಾಜ್ಯದ ೧೯೮೯ರ ನಿಯಮಗಳಲ್ಲಿ ಆ ಮಾತು ಮೊದಲೇ ಇತ್ತು, ಯಾರೂ ಗಮನಿಸಿರಲಿಲ್ಲ. ಗಲಾಟೆಯಾಗಿ, ಸರ್ಕಾರ ನಿಯಮವನ್ನೇ ತಿದ್ದುವ ಮಾತಾಡಿತು. ಹಳ್ಳಿಯಲ್ಲಿ ಮೊಪೆಡ್ಡಿನ ಹಿಂದೆ ಕೂತು ಆಸ್ಪತ್ರೆಗೂ ಸಂತೆಗೂ ಹೋಗುವವರ ಸೀಟು ಆವತ್ತು ಮೊದಲ ಸಲ ದೊಡ್ಡ ಸುದ್ದಿಯಾಯಿತು. ೨೦೨೪ರಲ್ಲಿ ಬೆಂಗಳೂರಿನ ಏಥರ್ ಕಂಪನಿ ರಿಜ್ತಾ ಸ್ಕೂಟರ್ ತಂದಾಗ ವೇಗಕ್ಕಿಂತ ಅದರ ದೊಡ್ಡ ಸೀಟಿನ ಬಗ್ಗೆಯೇ ಜಾಸ್ತಿ ಹೇಳಿಕೊಂಡಿತು. ಗಾಳಿ ಸ್ವಲ್ಪ ತಿರುಗಿದೆ ಅನ್ನಿಸುತ್ತದೆ.

ಸರಿ, ನನ್ನ ಬೈಕಿನ ಕಥೆ ಏನಾಯಿತು?

ಜೆ.ಸಿ. ರಸ್ತೆಯ ಸೀಟು ಹೊಲಿಯುವವರೊಬ್ಬರ ಹತ್ತಿರ ಹೋದೆ. ಇನ್ನೂ ದಪ್ಪ ಫೋಮು ಹಾಕಿ ಅಂದೆ. ಅವರು ರೆಕ್ಸಿನ್ ಮೇಲೆ ಹೆಬ್ಬೆರಳು ಒತ್ತಿ ನೋಡಿ, "ಹಿಂದೆ ಕೂರೋರು ಯಾರು ಸರ್?" ಅಂದರು. ನನ್ನ ಹೆಂಡತಿ ಅಂದೆ. "ಹಂಗಾರೆ ಅವರನ್ನ ಕರ್ಕೊಂಡ್ ಬನ್ನಿ. ನಿಮ್ಮನ್ನ ಕೇಳ್ಕೊಂಡು ನಾನೇನ್ ಹೊಲೀಲಿ?"

ನೂರಮೂವತ್ತು ವರ್ಷದ ಚರಿತ್ರೆ ಓದಿ ನಾನು ಕಲಿತದ್ದನ್ನು ಅವರು ಒಂದು ಮಾತಿನಲ್ಲಿ ಹೇಳಿಬಿಟ್ಟರು.

ಭಾನುವಾರ ಇಬ್ಬರೂ ಹೋದೆವು. ಅವಳನ್ನು ಕೂರಿಸಿ, ಎಲ್ಲಿ ಒತ್ತುತ್ತದೆ ಎಂದು ಕೇಳಿ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡರು. ಸೀಟು ಮುಂದಕ್ಕೆ ಇಳಿಜಾರಾಗಿತ್ತು, ಪ್ರತಿ ಬ್ರೇಕಿಗೂ ಅವಳು ಜಾರಿ ನನ್ನ ಬೆನ್ನಿಗೆ ಬರುತ್ತಿದ್ದಳು. ನಾನು ಅದನ್ನು ಪ್ರೀತಿ ಅಂದುಕೊಂಡಿದ್ದೆ! ಆ ಇಳಿಜಾರು ತೆಗೆದರು, ಸೀಟು ಎರಡು ಇಂಚು ಅಗಲ ಮಾಡಿದರು, ಕೆಳಗೆ ಗಟ್ಟಿ ಫೋಮು, ಮೇಲೆ ತೆಳುವಾಗಿ ಮೆತ್ತನೆಯದು. ಪೆಟ್ಟಿಗೆಗೆ ಬೆನ್ನೊರಗಿನ ಮೆತ್ತೆ. ಇನ್ನೊಂದು ಕೆಲಸ ನಾನೇ ಮಾಡಬೇಕಿತ್ತು. ಇಬ್ಬರು ಕೂತಾಗ ಹಿಂದಿನ ಸ್ಪ್ರಿಂಗನ್ನು ಎರಡು ಹಲ್ಲು ಬಿಗಿ ಮಾಡಬೇಕು, ಇಲ್ಲದಿದ್ದರೆ ಅದು ಭಾರಕ್ಕೇ ಕುಸಿದು, ಹಳ್ಳಕ್ಕೆ ಉಳಿಯುವುದೇನೂ ಇಲ್ಲ. ಅದಕ್ಕೆಂದೇ ಕೊಟ್ಟಿದ್ದ ಸ್ಪ್ಯಾನರ್ ಬೈಕು ತಂದ ದಿನದಿಂದ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು.

ಮನೆಗೆ ಬರುವಾಗ ಅವಳು "ನಿಲ್ಲಿಸು, ನೀನು ಹಿಂದೆ ಕೂತ್ಕೋ" ಅಂದಳು. ಅವಳು ಓಡಿಸಿದಳು, ನಾನು ಹಿಂದೆ. ಹಳೆಯ ಸೀಟಲ್ಲ, ಹೊಸದು. ಆದರೂ ಪ್ರತಿ ಹಂಪಿಗೂ ಎದೆ ಝಲ್ಲೆನ್ನುತ್ತಿತ್ತು, ಯಾವುದೂ ಕಾಣದು, ಯಾವುದೂ ನನ್ನ ಕೈಲಿಲ್ಲ. ನೀವೂ ಒಂದು ಸಲ ಕೂತು ನೋಡಿ.

ಮುಂದಿನ ವಾರ ಅಮ್ಮನನ್ನು ಊರಿನ ಆಂಜನೇಯನ ಗುಡಿಗೆ ಅದೇ ಬೈಕಿನಲ್ಲಿ ಕರೆದುಕೊಂಡು ಹೋದೆ. ಎರಡು ಕಿಲೋಮೀಟರು ಅಷ್ಟೇ. ಹತ್ತಿಸಿಕೊಂಡ ಮೇಲೆ, "ಅಮ್ಮಾ, ಸರಿಯಾಗಿದ್ಯಾ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಉತ್ತರ ಬರಲಿಲ್ಲ. ಆಮೇಲೆ, "ಹೂಂ, ಚೆನ್ನಾಗಿದೆ. ಆದ್ರೆ ನಿಧಾನಕ್ಕೆ ಹೋಗು" ಅಂದರು.

ನಿಧಾನಕ್ಕೇ ಹೋದೆ.